ಮುಂಬರುವ ಚುನಾವಣೆ: ಸವಳಂಗ ಸೀಮೆಯನ್ನು ಅನುಲಕ್ಷಿಸಿ ಒಂದು ತಾತ್ವಿಕ ಅಧ್ಯಯನ

ಪ್ರಸ್ತಾವನೆ

ಪ್ರಜಾಪ್ರಭುತ್ವದ ಬಹುಮುಖಿ ನೆಲೆಗಳನ್ನು ಸ್ಥಳೀಯ ಅನನ್ಯತೆಯ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಿಸುವ ಸಂಕಥನಗಳು ಕನ್ನಡ ಸಂಶೋಧನಾ ಲೋಕದಲ್ಲಿ ವಿರಳವಾಗಿರುವ ಕೊರತೆಯನ್ನು ನೀಗಿಸುವ ವಿನಮ್ರ ಹಂಬಲದಿಂದ ಈ ಪ್ರಬಂಧ ಹೊರಟಿದೆ. ಎಲ್ಲಿಗೆ ಹೊರಟಿದೆ ಎಂಬುದು ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ಕ್ಷೇತ್ರ ಸವಳಂಗ. ಶಿವಮೊಗ್ಗದವರಿಗೆ ಇದು ಒಂದು ರಸ್ತೆಯ ಹೆಸರು, ಶಿಕಾರಿಪುರದ ಬಸ್ಸಿನವರಿಗೆ ಒಂದು ಸರ್ಕಲ್ಲು. ಆಡಳಿತದ ದೃಷ್ಟಿಯಲ್ಲಿ ಮಾತ್ರ ಇದು ಚಲನಶೀಲ ಪಠ್ಯ. 1997ರ ಆಗಸ್ಟ್ 15ರ ತನಕ ಶಿವಮೊಗ್ಗ ಜಿಲ್ಲೆಯಲ್ಲಿತ್ತು, ಅಂದಿನಿಂದ ದಾವಣಗೆರೆಯಲ್ಲಿದೆ. 2018ರ ತನಕ ಹೊನ್ನಾಳಿ ತಾಲ್ಲೂಕು, ಆಮೇಲೆ ನ್ಯಾಮತಿ. ಶಾಸಕರನ್ನು ಆರಿಸುವಾಗ ಇವತ್ತಿಗೂ ಹೊನ್ನಾಳಿ. ನಾಗರಿಕನೊಬ್ಬ ಮನೆ ಬದಲಿಸಿದರೆ ಫಾರಂ 8 ತುಂಬಬೇಕು. ಊರೇ ಕೂತಲ್ಲಿ ಕೂತು ಜಿಲ್ಲೆ, ತಾಲ್ಲೂಕು ಬದಲಿಸಿದರೆ ಯಾವ ಫಾರಂ ಎಂಬ ಬಗ್ಗೆ ಮಾರ್ಗಸೂಚಿ ಲಭ್ಯವಿಲ್ಲ.

ಪೂರ್ವಾಧ್ಯಯನಗಳ ಸಮೀಕ್ಷೆ

ಈ ವಿಷಯದಲ್ಲಿ ಈಗಾಗಲೇ ವಿಪುಲ ಸಾಹಿತ್ಯ ಬಂದಿದೆ, ಎಲ್ಲವೂ ಸುತ್ತೋಲೆಗಳು. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖ 1ರ ಪತ್ರದನ್ವಯ, ಉಲ್ಲೇಖ 2ರ ನಡಾವಳಿಯಲ್ಲಿ ತಿಳಿಸಿರುವಂತೆ ಮತದಾರರು ಜಾಗೃತರಾಗತಕ್ಕದ್ದು ಎಂಬುದು ಈ ಪ್ರಕಾರದ ಸ್ಥಾಯೀಭಾವ. ಚುನಾವಣಾ ಆಯೋಗ 2009ರಲ್ಲಿ ಮತದಾರರ ಜಾಗೃತಿಗೆಂದು ಸ್ವೀಪ್ ಎಂಬ ಕಾರ್ಯಕ್ರಮ ಶುರು ಮಾಡಿತು. 2011ರಿಂದ ಜನವರಿ 25 ರಾಷ್ಟ್ರೀಯ ಮತದಾರರ ದಿನವಾಯಿತು. ಅಲ್ಲಿಂದ ಜಾಥಾ, ರಂಗೋಲಿ, ಮಾನವ ಸರಪಳಿ, ಬೈಕ್ ರ‍್ಯಾಲಿ, ಮೇಣದಬತ್ತಿ ಮೆರವಣಿಗೆಗಳೆಂಬ ಪಂಚಾಂಗ ಮಾರ್ಗ ರೂಢಿಗೆ ಬಂತು. ಕಳಶವಿಟ್ಟಂತೆ ಪ್ರತಿಜ್ಞಾವಿಧಿ ಬೇರೆ. ಉಸಿರು ಬಿಡಲು ಜಾಗವಿಲ್ಲದ ಒಂದೇ ವಾಕ್ಯ ಅದು. ಎಡಗೈ ಜೇಬಿನಲ್ಲಿ, ಬಲಗೈ ಮುಂದೆ, ಬಿಸಿಲು ನೆತ್ತಿಯ ಮೇಲೆ. ಹತ್ತನೇ ತರಗತಿಯ ಮಕ್ಕಳು ತಮಗಿನ್ನೂ ಬರದ ಹಕ್ಕನ್ನು ಚಲಾಯಿಸುವುದಾಗಿ ಆಣೆ ಮಾಡುತ್ತಾರೆ. ಕಾರಿನಲ್ಲಿ ಬಂದ ಅತಿಥಿಗಳು ನಮ್ಮ ಜನಕ್ಕೆ ಅರಿವಿಲ್ಲ ಎಂದು ಮುಕ್ಕಾಲು ಗಂಟೆ ಮರುಗುತ್ತಾರೆ.

ಈ ಮರುಕವೇ ಪ್ರಸ್ತುತ ಅಧ್ಯಯನಕ್ಕೆ ಪ್ರೇರಣೆ.

ಕ್ಷೇತ್ರಕಾರ್ಯ

ವಕ್ತೃ 1: ಪುರುಷ, ಅರವತ್ತರ ಆಸುಪಾಸು, ವೃತ್ತಿ ಟೀ ಅಂಗಡಿ. ಮುಂಬರುವ ಚುನಾವಣೆಯ ಬಗ್ಗೆ ತಮ್ಮ ಗ್ರಹಿಕೆ ಏನು ಎಂಬ ಮೊದಲ ಪ್ರಶ್ನೆಗೇ ಮರುಪ್ರಶ್ನೆ ಬಂತು. "ಯಾವ ಎಲೆಕ್ಷನ್ ಸಾರ್? ಊರಿಂದೋ, ತಾಲ್ಲೂಕಿಂದೋ, ಜಿಲ್ಲೆದೋ?" ತಾಲ್ಲೂಕಿನದು ಎಂದೆ. "ಅದು ಐತೇನು ಇನ್ನಾ?" ಎಂದರು. ಈ ಉತ್ತರವನ್ನು ಅಸ್ತಿತ್ವವಾದಿ ಎಂದು ವರ್ಗೀಕರಿಸಲಾಗಿದೆ.

ವಕ್ತೃ 2: ಸ್ತ್ರೀ, ವಯಸ್ಸು ಹೇಳಲಿಲ್ಲ, ಅಡಿಕೆ ಸುಲಿಯುತ್ತಿದ್ದರು. "ಹೆಸರು ಐತೋ ಇಲ್ಲೋ ನೋಡಿ ಹೇಳಪ್ಪ, ಆಮೇಲೆ ಬೇಕಾದ್ದು ಕೇಳೀವಂತೆ" ಎಂದರು. ನೋಡಿದೆ. ಇತ್ತು. ಮುಂದಿನ ಪ್ರಶ್ನೆಗಳಿಗೆ ಅವರಿಗೆ ಪುರುಸೊತ್ತಿರಲಿಲ್ಲ.

ಸೈದ್ಧಾಂತಿಕ ಚೌಕಟ್ಟು

ಪಾಶ್ಚಾತ್ಯ ಸಿದ್ಧಾಂತಗಳಿಗೆ ಜೋತುಬೀಳದೆ ದೇಸಿ ಚಿಂತನೆಯಿಂದಲೇ ಚೌಕಟ್ಟು ಕಟ್ಟಬೇಕೆಂದು ವಿಚಾರಸಂಕಿರಣಗಳ ಸಮಾರೋಪ ಭಾಷಣಗಳಲ್ಲಿ ಕರೆ ಕೊಡುವುದುಂಟು. ಅದಕ್ಕೆ ಓಗೊಟ್ಟು ನ್ಯಾಯಶಾಸ್ತ್ರದ ಮೊರೆ ಹೋಗಿದ್ದೇನೆ. ತರ್ಕಸಂಗ್ರಹ ಓದಿದವರಿಗೆ ಗೊತ್ತು, ಇಲ್ಲದಿರುವುದೂ ಒಂದು ಪದಾರ್ಥ. ಅದರ ಹೆಸರು ಅಭಾವ, ಅದರಲ್ಲಿ ನಾಲ್ಕು ಬಗೆ. ಪಂಚಾಯತ್ ರಾಜ್ ವ್ಯವಸ್ಥೆಯನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

ಮೊದಲನೆಯದು ಪ್ರಾಗಭಾವ. ಮಡಕೆ ಮಾಡುವ ಮೊದಲು ಮಡಕೆ ಇರಲಿಲ್ಲವಲ್ಲ, ಆ ಇಲ್ಲದಿರುವಿಕೆ. ಇದಕ್ಕೆ ಆದಿಯಿಲ್ಲ. ಉದಾಹರಣೆ: ನ್ಯಾಮತಿ ತಾಲ್ಲೂಕು ಪಂಚಾಯಿತಿ ಚುನಾವಣೆ. ತಾಲ್ಲೂಕು ಆದದ್ದು 2018ರಲ್ಲಿ. ರಾಜ್ಯದಲ್ಲಿ ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಸಾರ್ವತ್ರಿಕ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಅಂದರೆ ನ್ಯಾಮತಿ ತಾಲ್ಲೂಕಿನ ಮತದಾರ ನ್ಯಾಮತಿ ತಾಲ್ಲೂಕು ಪಂಚಾಯಿತಿಗೆ ಒಮ್ಮೆಯೂ ಮತ ಹಾಕಿಲ್ಲ. ಕುಂಬಾರ ಮಣ್ಣನ್ನೇ ಕಲಸಿಲ್ಲ.

ಎರಡನೆಯದು ಪ್ರಧ್ವಂಸಾಭಾವ. ಮಡಕೆ ಒಡೆದ ಮೇಲಿನ ಇಲ್ಲದಿರುವಿಕೆ. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ. ದಾವಣಗೆರೆ ಜಿಲ್ಲಾ ಪಂಚಾಯಿತಿ ಈ ವರ್ಗಕ್ಕೆ ಸೇರುತ್ತದೆ. 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು, ಆಡಳಿತಾಧಿಕಾರಿ ಬಂದರು. ಈ ಅಭಾವ ದಾವಣಗೆರೆಯ ಸ್ವತ್ತೇನಲ್ಲ, ರಾಜ್ಯದುದ್ದಕ್ಕೂ ಸಮಾನವಾಗಿ ಹಂಚಿಕೆಯಾಗಿದೆ. ಚನ್ನಗಿರಿಗೂ ಅಷ್ಟೇ, ಜಗಳೂರಿಗೂ ಅಷ್ಟೇ. ಸಾಮಾಜಿಕ ನ್ಯಾಯ ಪೂರ್ಣವಾಗಿ ಜಾರಿಯಾದದ್ದು ಇಲ್ಲಿ.

ಮೂರನೆಯದು ಅತ್ಯಂತಾಭಾವ. ಗಾಳಿಗೆ ಬಣ್ಣವಿಲ್ಲದಂತೆ ಮೂರೂ ಕಾಲದಲ್ಲಿ ಇಲ್ಲದಿರುವುದು. ಇದಕ್ಕೆ ಚುನಾವಣೆಯ ದಿನಾಂಕವನ್ನು ಉದಾಹರಿಸಬಹುದು.

ನಾಲ್ಕನೆಯದು ಅನ್ಯೋನ್ಯಾಭಾವ: ಮಡಕೆ ಬಟ್ಟೆಯಲ್ಲ, ಬಟ್ಟೆ ಮಡಕೆಯಲ್ಲ. ಗುರುತಿನ ಚೀಟಿಯ ಫೋಟೊದಲ್ಲಿರುವವರು ಎದುರಿಗಿರುವವರಲ್ಲ. ಇದನ್ನು ಇನ್ನಷ್ಟು ಹಿಗ್ಗಿಸಬಹುದಿತ್ತು. ಆದರೆ 1951-52ರ ಮೊದಲ ಚುನಾವಣೆಯ ಪಟ್ಟಿ ನೆನಪಾಗಿ ನಗು ನಿಂತಿತು. ಆಗ ದೇಶದಲ್ಲಿ, ಹೆಚ್ಚಾಗಿ ಉತ್ತರದಲ್ಲಿ, ಸುಮಾರು 28 ಲಕ್ಷ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದು ಬರೆಸಿದ್ದರು. ಅವರೆಲ್ಲರನ್ನೂ ಪಟ್ಟಿಯಿಂದ ಹೊರಗಿಡಲಾಯಿತು. ಇವತ್ತು ಅಡಿಕೆ ಸುಲಿಯುವ ಹೆಂಗಸು ಮೊದಲು ತನ್ನ ಹೆಸರು ಇದೆಯೋ ಇಲ್ಲವೋ ನೋಡು ಅನ್ನುತ್ತಾಳಲ್ಲ, ಅಲ್ಲಿಗೆ ಬರಲು ಎರಡು ತಲೆಮಾರು ಬೇಕಾಯಿತು. ಅರಿವಿಲ್ಲ ಎಂದು ಮೈಕಿನಲ್ಲಿ ಮರುಗುವುದು ಇಂಥವರ ಬಗ್ಗೆ. ವರ್ಗೀಕರಣ ಇಲ್ಲಿಗೆ ಸಾಕು.

ಉಪಪ್ರಮೇಯ: ಕಡ್ಡಾಯ ಮತ್ತು ಐಚ್ಛಿಕ

2015ರಲ್ಲಿ ನಮ್ಮ ಶಾಸನಸಭೆ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು ಪಂಚಾಯಿತಿ ಚುನಾವಣೆಯಲ್ಲಿ ಮತದಾನ ಕಡ್ಡಾಯ ಎಂದಿತು. ಮತ ಹಾಕುವುದು ಕಡ್ಡಾಯ, ಚುನಾವಣೆ ನಡೆಸುವುದು ಐಚ್ಛಿಕ. ಸಂವಿಧಾನದ 243ಇ ವಿಧಿ ಹೇಳುವುದೇ ಬೇರೆ: ಪಂಚಾಯಿತಿಯ ಅವಧಿ ಐದು ವರ್ಷ, ಅದು ಮುಗಿಯುವ ಮುನ್ನ ಹೊಸ ಚುನಾವಣೆ ಮುಗಿದಿರಬೇಕು. ಆದರೆ ಕ್ಷೇತ್ರ ಪುನರ್ವಿಂಗಡಣೆಗೆ ಒಂದು ಆಯೋಗ, ಹಿಂದುಳಿದವರ ಮೀಸಲಾತಿ ನೋಡಲು ಭಕ್ತವತ್ಸಲ ಆಯೋಗ, ಅದರ ಮೇಲೆ ಆಕ್ಷೇಪಣೆ, ಅಧಿಸೂಚನೆ, ತಿದ್ದಿದ ಅಧಿಸೂಚನೆ. 2022ರ ಡಿಸೆಂಬರ್‌ನಲ್ಲಿ ಹೈಕೋರ್ಟು ಈ ವಿಳಂಬಕ್ಕಾಗಿ ರಾಜ್ಯ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಸರ್ಕಾರ ಬದಲಾಯಿತು. ವಿಳಂಬಕ್ಕೆ ಪಕ್ಷಭೇದವಿರಲಿಲ್ಲ. ಯಾವ ಮತದಾರನ ನಿರ್ಲಕ್ಷ್ಯದಿಂದ ಇದೆಲ್ಲ ಆಯಿತು ಎಂದು ಜಾಗೃತಿ ಸಪ್ತಾಹದವರು ದಯವಿಟ್ಟು ತಿಳಿಸಬೇಕು.

ನಾಚಿಕೆಯಾಗಬೇಕಾದದ್ದು ಇನ್ನೊಂದಿದೆ. ಇಡೀ ದೇಶಕ್ಕೆ ದಾರಿ ತೋರಿಸಿದ್ದು ನಾವೇ. ನೀರಿಗೆ ಬೋರ್‌ವೆಲ್ ಕೊರೆಸಿ ನೀರುಸಾಬರಾದ ಆಗಿನ ಸಚಿವ ಅಬ್ದುಲ್ ನಜೀರ್ ಸಾಬರು ಹಳ್ಳಿಗೂ ಸರ್ಕಾರವಿರಲಿ ಎಂದು ಹಟ ಹಿಡಿದರು. ಸಂವಿಧಾನದ 73ನೇ ತಿದ್ದುಪಡಿಗೂ ಮುಂಚೆ, 1987ರಲ್ಲೇ, ಕರ್ನಾಟಕದ ಜನ ಮಂಡಲ ಪಂಚಾಯಿತಿಗೂ ಜಿಲ್ಲಾ ಪರಿಷತ್ತಿಗೂ ಮತ ಹಾಕಿದ್ದರು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆಯಿತ್ತು. ಈಗ ಆ ಕುರ್ಚಿಗೆ ಜನ ಆರಿಸಿದವರೇ ಇಲ್ಲ.

ಅಧ್ಯಯನದ ಮಿತಿ

ಈ ಭಾಗವನ್ನು ಪ್ರಬಂಧದ ಭಾಷೆಯಲ್ಲಿ ಬರೆಯಲು ಆಗುತ್ತಿಲ್ಲ.

ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇದೇ ನ್ಯಾಮತಿ ತಾಲ್ಲೂಕಿನಲ್ಲಿದೆ. ಫೆಬ್ರುವರಿಯ ಜಾತ್ರೆಗೆ ಎಲ್ಲ ಪಕ್ಷದ ದೊಡ್ಡವರೂ ಬರುತ್ತಾರೆ. ಸುತ್ತಲಿನ ತಾಂಡಾಗಳ ಜನ ಸುಗ್ಗಿ ಮುಗಿದರೆ ಘಟ್ಟಕ್ಕೆ ಹೋಗುತ್ತಾರೆ, ಕಾಫಿ ಕೊಯ್ಯಲು. ಇನ್ನು ಕೆಲವರು ಕಬ್ಬು ಕಡಿಯಲು. ಮನೆಗೆ ಬೀಗ, ಇಲ್ಲವೆ ಬಾಗಿಲಲ್ಲಿ ಮುದುಕಿ. ಪಟ್ಟಿ ಪರಿಷ್ಕರಣೆಗೆ ಬಂದವರು ಬೀಗ ನೋಡಿ ಸ್ಥಳಾಂತರ ಎಂದು ಬರೆದುಕೊಂಡರೆ ಮುಗಿಯಿತು. ಕೊನೆಯ ಗ್ರಾಮ ಪಂಚಾಯಿತಿ ಚುನಾವಣೆ ನಡೆದದ್ದು 2020ರ ಡಿಸೆಂಬರ್ 22 ಮತ್ತು 27ರಂದು. ಕಾಫಿ ಹಣ್ಣು ಕೆಂಪಾಗಿ ತೋಟಕ್ಕೆ ಆಳು ಸಾಲದ ಕಾಲ ಅದು. ಅಭ್ಯರ್ಥಿ ಗಾಡಿ ಕಳಿಸಿದರೆ ಬಂದು ಮತ ಹಾಕಬೇಕು. ಗಾಡಿ ಕಳಿಸಿದವನಿಗೇ ಹಾಕಬೇಕು ಎಂಬುದು ಬಾಯಿ ಬಿಟ್ಟು ಹೇಳದ ಕರಾರು. ಕೂಲಿ ಬಿಟ್ಟು ಸ್ವಂತ ದುಡ್ಡಲ್ಲಿ ಬಸ್ಸು ಹತ್ತು ಎನ್ನುವ ಧೈರ್ಯ ಯಾವ ರಂಗೋಲಿ ಸ್ಪರ್ಧೆಯ ತೀರ್ಪುಗಾರರಿಗಿದೆ?

ಕಾನೂನು ಇವರ ಪರವಾಗಿಯೇ ಇದೆ, ಅದೇ ಸಂಕಟ. 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ 20ನೇ ಕಲಂ ಪ್ರಕಾರ, ತಾತ್ಕಾಲಿಕವಾಗಿ ಊರು ಬಿಟ್ಟವರು ಅಷ್ಟರಿಂದಲೇ ಆ ಊರಿನ ನಿವಾಸಿಯಲ್ಲ ಎಂದಾಗುವುದಿಲ್ಲ. ಊರು ಬಿಟ್ಟಿದ್ದಾರೆಂದು ಹೆಸರು ತೆಗೆಯುವುದಿದ್ದರೂ ಮೊದಲು ಅವರ ಮಾತು ಕೇಳಬೇಕು. ಬೀಗ ಹಾಕಿದ ಬಾಗಿಲಿಗೆ ಅಂಟಿಸಿದ ನೋಟಿಸನ್ನು ಚಿಕ್ಕಮಗಳೂರಿನ ತೋಟದ ಲೈನಿನಲ್ಲಿರುವವರು ಓದುವುದು ಹೇಗೆ? ಬೀಗ ಬೇಡ, ಮನೆ ತುಂಬ ಜನ ಇದ್ದರೂ ಸಾಕಾಗುವುದಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಹೆಸರು ತೆಗೆಯಿರಿ ಎಂದು 6,018 ಫಾರಂ 7 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ನಿಜವಾದವು 24. ಗಮನಿಸಿದವರು ಇದ್ದರು, ಉಳಿಯಿತು. ತಾಂಡಾದ ಹತ್ತು ಹೆಸರನ್ನು ಗಮನಿಸುವವರು ಯಾರು?

ಮನೆಮನೆ ಸುತ್ತುವ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಮೇಲೆ ನನಗೆ ಸಿಟ್ಟಿಲ್ಲ. ಹೆಚ್ಚಿನ ಕಡೆ ಆಕೆ ಅಂಗನವಾಡಿ ಕಾರ್ಯಕರ್ತೆ, ಇಲ್ಲವೆ ಶಾಲೆಯ ಮೇಡಂ. ಮಕ್ಕಳ ತೂಕ, ಮೊಟ್ಟೆಯ ಲೆಕ್ಕ, ಜನಗಣತಿ, ಇದರ ಮಧ್ಯೆ ಇದು. ಸಿಟ್ಟು ಇರುವುದು ವೇದಿಕೆಯ ಮೇಲೆ.

ಫಲಿತಗಳು

ಶಾಯಿ ಸಿದ್ಧವಿದೆ, 1962ರಿಂದ ಮೈಸೂರಿನ ಕಾರ್ಖಾನೆಯೇ ದೇಶಕ್ಕೆಲ್ಲ ಕಳಿಸುತ್ತಿದೆ. ಬೆರಳೂ ಸಿದ್ಧವಿದೆ. ಗ್ರಾಮ ಪಂಚಾಯಿತಿ ಪಟ್ಟಿ ಬೇರೆಯಾಗಿ ಆಕಾಶದಿಂದ ಇಳಿಯುವುದಿಲ್ಲ, ವಿಧಾನಸಭಾ ಪಟ್ಟಿಯನ್ನೇ ವಾರ್ಡುವಾರು ಒಡೆದು ಮಾಡುತ್ತಾರೆ. ಆದ್ದರಿಂದ ಹೆಸರು ಅಲ್ಲಿರಬೇಕು. ಹೊಸಬರು ಫಾರಂ 6 ಕೊಡಿ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖಿಗೆ 18 ತುಂಬಿದರೆ ಸಾಕು, 17 ದಾಟಿದವರು ಮುಂಚಿತವಾಗಿಯೂ ಕೊಡಬಹುದು. ಘಟ್ಟಕ್ಕೆ ಹೋಗುವವರು ಹೊರಡುವ ಮುನ್ನ ಪಟ್ಟಿಯಲ್ಲಿ ಹೆಸರು ನೋಡಿಕೊಂಡು ಹೋಗಿ, ಬಂದ ಮೇಲೆ ಮತ್ತೊಮ್ಮೆ ನೋಡಿ.

2016ರ ಫೆಬ್ರುವರಿಯಲ್ಲಿ 18 ತುಂಬದಿದ್ದ ಯಾರೂ ಇದುವರೆಗೆ ಜಿಲ್ಲಾ ಪಂಚಾಯಿತಿಯ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿಲ್ಲ. ಅವರಲ್ಲಿ ಕೆಲವರಿಗೆ ಈಗ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ನಿಮ್ಮೂರಿಗೆ ಇನ್ನು ಮುಂದೆ ಜಾಗೃತಿ ಮೂಡಿಸಲು ಯಾರಾದರೂ ಬಂದರೆ ಕುರ್ಚಿ ಹಾಕಿ, ಟೀ ಕೊಡಿ, ಭಾಷಣ ಪೂರ್ತಿ ಕೇಳಿ. ಆಮೇಲೆ ಎದ್ದು ನಿಂತು, ನ್ಯಾಮತಿ ತಾಲ್ಲೂಕು ಪಂಚಾಯಿತಿ ಎಲೆಕ್ಷನ್ ಯಾವ ತಾರೀಖು ಸ್ವಾಮಿ ಎಂದು ಕೇಳಿ. ಉತ್ತರ ಬರುವ ತನಕ ಕೂರಬೇಡಿ.