ಸೈಜುಗಲ್ಲಿಗೆ ತೂತು ಹಾಕೋ ಮುಂಚೆ

ಅಣ್ಣೋ, ಮಿಷನ್ನು ಒಂದ್ ಗಳಿಗೆ ನಿಲ್ಸಿ ಬೇಲಿ ಹತ್ರ ಬನ್ನಿ. ಟೀವಿ ಸ್ಟ್ಯಾಂಡಿಗೆ ನಾಲ್ಕು ತೂತನ್ನೂ ಒಂದೇ ಕಲ್ಲಿಗೆ ಹಾಕ್ತೀರಂತೆ, ಅತ್ತಿಗೆ ಹೇಳಿದ್ರು. ತೂತು ಬೇಡ ಅಂತಿಲ್ಲ ಕಣಣ್ಣ, ಒಂದೇ ಕಲ್ಲಿಗೆ ಬೇಡ.

ಕಲ್ಲು ಒಡೆಯೋರು ಬಂಡೆ ಸೀಳೋದನ್ನ ನೋಡಿದ್ದೀರಲ್ಲ? ಸಾಲಾಗಿ ಗುಳಿ ತೋಡ್ತರೆ, ಒಂದೊಂದ್ರೊಳಗೂ ಕಬ್ಬಿಣದ ಬೆಣೆ ಇಡ್ತರೆ, ಸುತ್ತಿಗೇಲಿ ಈ ತುದಿಯಿಂದ ಆ ತುದಿಗೆ ಹದವಾಗಿ ಬಡ್ಕೊಂಡು ಹೋಯ್ತರೆ. ಒಂದೇ ಏಟಿಗೆ ಏನೂ ಆಗಲ್ಲ. ಬಡೀತಾ ಬಡೀತಾ ಸದ್ದು ಬದಲಾಯ್ತದೆ, ಆಮೇಲೆ ಗುಳಿಯಿಂದ ಗುಳಿಗೆ ಬಿರುಕು ಓಡ್ತದೆ. ನೀವು ತಂದಿರೋ ಫಾಸ್ಟನರ್ ಬೋಲ್ಟು ಮಾಡೋದೂ ಇದೇ ಕೆಲಸ. ನಟ್ಟು ತಿರುಗಿಸ್ದಂಗೆಲ್ಲ ಒಳಗಡೆ ಅಗಲ ಆಗಿ ಕಲ್ಲನ್ನ ಒತ್ಕೊಂಡು ನಿಲ್ತದೆ. ಕಲ್ಲಿನ ಅಂಚಲ್ಲಿ ಸಾಲಾಗಿ ಹಾಕಿ ಬಿಗಿದ್ರೆ, ನಿಮ್ಮ ಗೋಡೆಗೆ ನೀವೇ ಬೆಣೆ ಇಟ್ಟಂಗಾಯ್ತು.

ಸಂದೀಲಿ ಹೊಡ್ಕಳಿ ಅಂತ ಹೇಳೋರೂ ಅವ್ರೆ. ಸಿಮೆಂಟಲ್ಲಿ ಕಟ್ಟಿದ ಗೋಡೆಯಾದ್ರೆ ಫೋಟೋ, ಕ್ಯಾಲೆಂಡರಿಗೆ ಸಂದಿಯೇ ಒಳ್ಳೇದು, ನಾಳೆ ಬೇಡ ಅನ್ನಿಸಿದ್ರೆ ಮೆತ್ತಿ ಮುಚ್ಚಬೌದು. ಆದ್ರೆ ನಿಮ್ದು ಅಜ್ಜನ ಕಾಲದ ಮನೆ. ಮೇಲೆ ಮಾತ್ರ ಸಿಮೆಂಟ್ ಪಟ್ಟಿ, ಒಳಗೆಲ್ಲ ಮಣ್ಣು. ಬಿಟ್ಟಿನ ಜೊತೆ ಬರೋ ಹುಡೀನ ಕೈಯಲ್ಲಿ ಹಿಡ್ಕಂಡು ನೋಡಿ. ಕಲ್ಲಿನದಾದ್ರೆ ಬೂದುಬಣ್ಣ, ನುಣ್ಣಗಿರ್ತದೆ. ಇದ್ದಕ್ಕಿದ್ದಂಗೆ ಕೆಂಪಾಗಿ ತೇವ ಬಂತೋ, ಮಣ್ಣಿಗೆ ಹೋಯ್ತು ಅಂತ. ಅಲ್ಲಿ ಯಾವ ಸ್ಕ್ರೂವೂ ಭಾರ ತಡೆಯಲ್ಲ.

ನಮ್ಮ ಸೀಮೆ ಕಲ್ಲಲ್ಲಿ ಬೆಣಚಿನ ಅಂಶ ಜಾಸ್ತಿ. ಬೆಣಚು ಮಾಮೂಲಿ ಉಕ್ಕಿಗಿಂತ ಗಟ್ಟಿ, ಅದಕ್ಕೇ ಕಾರ್ಬೈಡ್ ತುದಿಯ ಬಿಟ್ಟೇ ಬೇಕು, ಬಡಿಯೋ ಮಿಷನ್ನೂ ಬೇಕು. ಮೊದಲು 6 ಎಂಎಂ, ಆಮೇಲೆ ದೊಡ್ಡದು. ಶುರುವಿಗೆ ನಿಧಾನ, ಇಲ್ದಿದ್ರೆ ಜಾರಿ ಕಲ್ಲಿನ ಮುಖವೆಲ್ಲ ಗೀರ್ತದೆ. ಮೈಭಾರ ಬಿಟ್ಟು ಒತ್ತಬೇಡಿ. ಆಗಾಗ ಈಚೆಗೆ ಎಳೆದು ಹುಡಿ ತೆಗೀರಿ. ತುದಿ ನೀಲಿ ತಿರುಗಿದ್ರೆ ಆ ಬಿಟ್ಟಿನ ಕಥೆ ಮುಗೀತು.

ಗೋಡೆ ಕೆಡಬಾರ್ದು ಅನ್ನೋ ಕಾಳಜಿ ನನಗೊಬ್ಬನಿಗೇ ಅಲ್ಲ ಬಿಡಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನೋರಿಗೂ ಇತ್ತು. 1910ರ ಸುಮಾರಲ್ಲಿ ಅಲ್ಲಿ ಕರೆಂಟಿನ ಸಾಮಾನು ಕೂರಿಸೋವಾಗ ಗೋಡೆಗೆ ಗಾಯ ಆಗಬಾರ್ದು ಅಂದಿದ್ದಕ್ಕೇ ಜಾನ್ ರಾಲಿಂಗ್ಸ್ ಅನ್ನೋರು ಸೆಣಬಿನ ನಾರು, ಅಂಟು ಸೇರಿಸಿ ಪ್ಲಗ್ಗು ಮಾಡಿದ್ರು. ಈಗ ಅಂಗಡೀಲಿ ಸಿಗೋ ಪ್ಲಾಸ್ಟಿಕ್ ರಾಲ್ ಪ್ಲಗ್ಗಿನ ಮೂಲ ಅದೇ. ನಮ್ಮ ಹಿರೀಕರಂತೂ ಕಟ್ಟೋವಾಗಲೇ ದೀಪಕ್ಕೆ ಗೂಡು ಬಿಟ್ಟು, ಬಟ್ಟೆಗೆ ಗೂಟ ಸೇರಿಸಿ ಕಟ್ತಿದ್ರು. ಎಂಥ ವಿವೇಕ!

ನೀವು ಹಿಂಗ್ ಮಾಡಿ. ನಾಲ್ಕು ಬೇರೆ ಬೇರೆ ಕಲ್ಲಿನ ನಡುಮಧ್ಯಕ್ಕೆ ಒಂದೊಂದೇ ತೂತು ಹಾಕಿ, ಅಂಚಿಂದ ದೂರ. ಪ್ಲಗ್ಗು ಕೂರಿಸಿ, ಅಡ್ಡಕ್ಕೆ ಒಂದು ದಪ್ಪ ಹಲಗೆ ಬಿಗೀರಿ. ಟೀವಿ ಹಲಗೆ ಮೇಲೆ ಕೂತ್ಕಳ್ಳಲಿ. ಭಾರ ನಾಲ್ಕು ಕಲ್ಲಿಗೂ ಹಂಚಿಹೋಯ್ತದೆ, ಯಾವುದಕ್ಕೂ ಬೆಣೆ ಬೀಳಲ್ಲ. ಮುಖಕ್ಕೆ ಟವೆಲ್ ಸಾಲಲ್ಲ ಕಣಣ್ಣ, ಎನ್ 95 ಮಾಸ್ಕೇ ಹಾಕ್ಕಳಿ. ಈ ಹುಡಿ ಕುಡಿದು ಕುಡಿದು ಕಲ್ಲುಕೆಲಸದೋರ ಎದೆಗೂಡೇ ಕೆಡ್ತದೆ. ಮಕ್ಕಳನ್ನ ನಮ್ಮ ಮನೆಗೆ ಕಳಿಸಿ.

ಹಲಗೆಗೆ ಹುಣಸೂರಿಗೆ ಹೋಗಬೇಡಿ. ನಮ್ಮ ಹೊಗೆಸೊಪ್ಪಿನ ಬ್ಯಾರನ್ನಿನ ಹಿಂದೆ ಎರಡು ಬಿದ್ದವೆ, ಒಣಗಿರೋವು. ಆ ತುದಿ ನೀವು ಹಿಡ್ಕಳಿ, ತಂದ್ಬುಡಾನ.