ಫೀಡ್‌ಬ್ಯಾಕ್ ಕೇಳುವ ಛಾಯಾಗ್ರಾಹಕ: ಲಕ್ಷಣ ಮತ್ತು ಆರೈಕೆ

ಛಾಯಾಗ್ರಹಣದ ವಿದ್ಯಾರ್ಥಿಗಳಲ್ಲಿ ಎರಡು ಬಗೆ. ಎದುರಿಗೆ ಇರುವುದರ ಫೋಟೊ ತೆಗೆಯುವವರು ಒಂದು ಬಗೆ, ತಮ್ಮೊಳಗೆ ಇರುವುದರ ಫೋಟೊ ತೆಗೆಯುವವರು ಇನ್ನೊಂದು. ಮೊದಲನೆಯವರಿಂದ ಸಮಾಜಕ್ಕೆ ತೊಂದರೆಯಿಲ್ಲ. ಅವರು ನಸುಕಿನಲ್ಲೇ ಎದ್ದು ಕೆ.ಆರ್. ಮಾರುಕಟ್ಟೆಯ ಹೂವಿನ ರಾಶಿಗಳನ್ನು ಸೆರೆಹಿಡಿದು ತಿಂಡಿಯ ಹೊತ್ತಿಗೆ ವಾಪಸಾಗುತ್ತಾರೆ. ಎರಡನೆಯ ಬಗೆಯವನು ಮನೆಯಲ್ಲೇ ಇರುತ್ತಾನೆ, ಅದೂ ಹಲವು ಸಲ ಬೇರೆಯವರ ಮನೆಯಲ್ಲಿ.

ಗುರುತು ಹಿಡಿಯುವುದು ಸುಲಭ. ಬಟ್ಟೆ ಕಪ್ಪು, ಫೋಟೊ ಕಪ್ಪು-ಬಿಳುಪು, ಮುಖ ಎರಡರ ನಡುವಿನದು. ಮದುವೆಮನೆಯಲ್ಲಿ ದುಬಾರಿ ಕ್ಯಾಮೆರಾ ಕೊರಳಿಗೆ ನೇತುಹಾಕಿಕೊಂಡು ನಿಂತಿದ್ದರೂ ಒಂದು ಗ್ರೂಪ್ ಫೋಟೊ ತೆಗೆದುಕೊಡುವುದಿಲ್ಲ. ಆ ಕ್ಯಾಮೆರಾದ ಕಂತು ಕಟ್ಟುವವರು ಗ್ರೂಪಿನ ಮೊದಲ ಸಾಲಿನಲ್ಲೇ ನಿಂತಿರುತ್ತಾರೆ.

ಈ ಬಗೆಗೆ ದೊಡ್ಡ ವಂಶಾವಳಿಯಿದೆ, ಮತ್ತು ಅದು ಅಭಿಪ್ರಾಯದ ಜಗಳದಿಂದಲೇ ಶುರುವಾಗುತ್ತದೆ. ಕಾಗದದ ಮೇಲೆ ನೇರವಾಗಿ ಚಿತ್ರ ಮೂಡಿಸುವ ವಿಧಾನ ಕಂಡುಹಿಡಿದ ಫ್ರಾನ್ಸಿನ ಹಿಪೊಲಿಟ್ ಬಯಾರ್, ಸರ್ಕಾರ ಮನ್ನಣೆಯನ್ನೆಲ್ಲ ಪ್ರತಿಸ್ಪರ್ಧಿ ದಗೆರ್‌ಗೆ ಕೊಟ್ಟಿತೆಂದು ನೊಂದು, 1840ರಲ್ಲಿ ತಾನು ನೀರಿಗೆ ಬಿದ್ದು ಸತ್ತಂತೆ ತನ್ನದೇ ಫೋಟೊ ತೆಗೆದು, ಹಿಂಬದಿಯಲ್ಲಿ ದೂರನ್ನೂ ಬರೆದ. ಹೀಗೆ ಸತ್ತ ಮೇಲೆ ಆತ 1887ರವರೆಗೆ ಬದುಕಿದ್ದ. ಅಮೆರಿಕದ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ತೆಗೆದ ಭಾವಚಿತ್ರಗಳ ಶಕ್ತಿಯೆಲ್ಲ, ಎದುರಿಗೆ ಕೂತವರನ್ನು ಆತ ಮೋಡಿ ಮಾಡುವುದರಲ್ಲಿದೆ ಎಂದು ವಿಮರ್ಶಕರೊಬ್ಬರು ಬರೆದರು. ಯಾರ ಮೋಡಿಗೂ ಸಿಗದ ಮೋಡಗಳತ್ತ ಆತ 1922ರಲ್ಲಿ ಕ್ಯಾಮೆರಾ ತಿರುಗಿಸಿದ, ಮುಂದೆ ಅವನ್ನೇ ತನ್ನ ಒಳಗಿನ ಅನುಭವಕ್ಕೆ ಸಮಾನವೆಂದು ಸಾರಿದ. ಬೆಂಗಳೂರಿನವರೇ ಆದ ಎನ್. ಪುಷ್ಪಮಾಲಾ ಶಿಲ್ಪಕಲೆಯಿಂದ ಬಂದು, ತಾವೇ ವೇಷ ಹಾಕಿ ಕ್ಯಾಮೆರಾ ಮುಂದೆ ನಿಂತರು. ಕ್ಲೇರ್ ಆರ್ನಿಯವರ ಜೊತೆ 2000ದಿಂದ 2004ರವರೆಗೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯೂ ಆದರು. ವಿದ್ಯಾರ್ಥಿಗೆ ಈ ಮೂವರೂ ಬಾಯಿಪಾಠ. ‘ಮನೆಯೊಳಗೆ ಬೆಡ್‌ಶೀಟ್ ಸುತ್ತಿಕೊಂಡು ಏನೋ ಮಾಡ್ತಿದ್ದೀಯ?’ ಎಂದು ಯಾರಾದರೂ ಕೇಳಿದರೆ ಮೂವರನ್ನೂ ಒಟ್ಟಿಗೆ ಬಿಡುತ್ತಾನೆ.

ಅವನು ಬದುಕುವುದು ಅಭಿಪ್ರಾಯದ ಮೇಲೆ. ‘ಹೇಗಿದೆ ಹೇಳಿ, ಫ್ರ್ಯಾಂಕಾಗಿ ಹೇಳಿ’ ಎಂದು ಫೋನನ್ನು ಮೂಗಿನ ಹತ್ತಿರ ಹಿಡಿಯುವುದು ಸಾಮಾನ್ಯವಾಗಿ ದೋಸೆ ಕಾವಲಿಯ ಮೇಲಿದ್ದಾಗ. ಸಿಗುವ ಉತ್ತರಗಳು ನಾಲ್ಕೈದೇ. ತಾಯಿ: ‘ಚೆನ್ನಾಗಿದೆ, ಸ್ವಲ್ಪ ನಗಬಾರದಿತ್ತಾ?’ ಅಜ್ಜಿ: ‘ಯಾಕಪ್ಪಾ ಇಷ್ಟು ಸೊರಗಿದ್ದೀಯ?’ ಗೆಳೆಯರು: ಬೆಂಕಿಯ ಎಮೋಜಿ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ವನ್ಯಜೀವಿ ಛಾಯಾಗ್ರಾಹಕರು ಬೆಳೆದ ಊರು ಬೆಂಗಳೂರು. ಇಲ್ಲಿನ ಸಲೋನ್ ಎಂಬ ಫೋಟೊ ಸ್ಪರ್ಧೆಗಳಲ್ಲಿ ಪಳಗಿ, ಹೆಸರಿನ ಮುಂದೆ ಎಎಫ್‌ಐಎಪಿ ಎಂಬ ಬಿರುದು ಬರೆದುಕೊಳ್ಳುವ ಹಿರಿಯರು ಫೋಟೊವನ್ನು ಕನ್ನಡಕ ಎತ್ತಿ ನೋಡಿ, ‘ಕಿಟಕಿಯಲ್ಲಿ ಒಂದು ಹಕ್ಕಿ ಕೂತಿದ್ದರೆ ಆಗೋದು’ ಎನ್ನುತ್ತಾರೆ. ಕಾಲೇಜಿನ ಮೇಷ್ಟ್ರು ‘ಇನ್ನೂ ಡೀಪಾಗಿ ಹೋಗು’ ಎನ್ನುತ್ತಾರೆ. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಇದೇ, ಏಕೆಂದರೆ ಅವನು ಆಳಕ್ಕೆ ಇಳಿಯುವುದು ಯಾರದೋ ಮನೆಯ ಹಾಲ್‌ನಲ್ಲಿ.

ಇಲ್ಲಿ ಒಂದು ತಾಂತ್ರಿಕ ತೊಡಕನ್ನು ಗಮನಿಸಬೇಕು. ಬೆಳಕು ಅತಿಯಾಗಿ ಬಿದ್ದು ಬಿಳಿಯ ಭಾಗದ ವಿವರವೆಲ್ಲ ಅಳಿಸಿಹೋದರೆ ‘ಹೈಲೈಟ್ ಬರ್ನ್ ಆಗಿದೆ’ ಎನ್ನುವುದು ವಾಡಿಕೆ. ಹೂವಿನ ರಾಶಿಯ ಬಗ್ಗೆ ಹಾಗೆಂದರೆ ಯಾರಿಗೂ ನೋವಿಲ್ಲ. ಇವನ ಫೋಟೊದಲ್ಲಿ ಬರ್ನ್ ಆಗಿರುವುದು ಇವನ ಹಣೆ. ಫೋಕಸ್ ತಪ್ಪಿದೆ ಎಂದರೆ ತಪ್ಪಿದವನು ಇವನೇ. ಆದ್ದರಿಂದ ಟೀಕೆ ಕೇಳಿದ ದಿನ ಮೌನ, ಮರುದಿನ ವಿವರಣೆ, ಮೂರನೆಯ ದಿನ ಬಯಾರ್.

ದಾಖಲಾದ ಪ್ರಕರಣವೊಂದನ್ನು ವಿವರವಾಗಿ ಕೊಡಬಹುದು. ಸ್ಥಳ ಹನುಮಂತನಗರದಲ್ಲಿ ಒಬ್ಬ ಸೋದರಮಾವನ ಮನೆ, ಕಾಲ ಏಪ್ರಿಲ್. ಮಾವ ಬರವಣಿಗೆಯ ಹವ್ಯಾಸವಿದ್ದ, ಬಹು ತಾಳ್ಮೆಯ ಮನುಷ್ಯ ಎನ್ನುವುದನ್ನು ಇತರರು ಒಪ್ಪದಿದ್ದರೂ ಸ್ವತಃ ಮಾವ ಒಪ್ಪುತ್ತಾನೆ. ಅಳಿಯನ ಸರಣಿಯ ಹೆಸರು ‘ಇಲ್ಲದವನು’. ಹೆಚ್ಚಿನ ಕ್ಯಾಮೆರಾಗಳ ಶಟರ್ ತಾನಾಗಿ 30 ಸೆಕೆಂಡಿನವರೆಗೆ ತೆರೆದಿರಬಲ್ಲದು. ಅರ್ಧ ಹೊತ್ತು ಗೋಡೆಯ ಮುಂದೆ ನಿಂತು ಮೆಲ್ಲಗೆ ಸರಿದುಬಿಟ್ಟರೆ ಮನುಷ್ಯ ಪಾರದರ್ಶಕನಾಗುತ್ತಾನೆ, ಹಿಂದಿನ ಗೋಡೆ ಅವನೊಳಗಿಂದ ಕಾಣುತ್ತದೆ. ಪರದೆ ಅಲ್ಲಾಡಬಾರದು. ಹಾಗಾಗಿ ‘ಮಾಮ, ಒಂದ್ನಿಮಿಷ ಫ್ಯಾನ್ ಆಫ್ ಮಾಡ್ತೀರಾ?’

ಮಾವ ಫ್ಯಾನ್ ಆರಿಸಿದ. ದೀಪವನ್ನೂ ಆರಿಸಿದ. ಟಿವಿಯ ಬೆಳಕು ಬೀಳುತ್ತದೆಂದು ಅದೂ ಹೋಯಿತು. ಐಪಿಎಲ್ ಪಂದ್ಯದ ಕೊನೆಯ ಓವರು ಪಕ್ಕದ ಮನೆಯವರ ಕೂಗಿನಿಂದಷ್ಟೇ ತಿಳಿಯಿತು. ಕತ್ತಲೆಯಲ್ಲಿ ಥರ್ಮಾಕೋಲ್ ಹಲಗೆ ಹಿಡಿದು ಬೆವರುತ್ತ ನಿಂತ ಮಾವ ಒಂದೇ ಒಂದು ಮಾತು ಹೇಳಿದ: ‘ಹಿಂದೆ ಸ್ವಿಚ್‌ಬೋರ್ಡ್ ಕಾಣುತ್ತೆ ಕಣೋ. ಕ್ಯಾಲೆಂಡರ್ ತೂಗಿಹಾಕಲಾ?’ ಉತ್ತರ: ‘ಮಾಮ, ನಿಮಗೆ ಕಾನ್ಸೆಪ್ಟ್ ಗೊತ್ತಾಗಲ್ಲ.’

ವರ್ಷದ ಕೊನೆಯ ಜ್ಯೂರಿಗೆ ಹೊರಗಿನಿಂದ ಬಂದ ಪರೀಕ್ಷಕರು ಆ ಫೋಟೊದ ಮುಂದೆ ಬಹಳ ಹೊತ್ತು ನಿಂತರು. ಕೊನೆಗೆ, ‘ಹೃದಯ ಇರೋ ಜಾಗದಲ್ಲಿ ಸ್ವಿಚ್‌ಬೋರ್ಡ್ ಬರೋ ಹಾಗೆ ನಿಂತಿದ್ದೀರಲ್ಲ, ಅದೊಂದೇ ಇದರಲ್ಲಿ ಚೆನ್ನಾಗಿರೋದು’ ಎಂದು ಮುಂದಕ್ಕೆ ಹೋದರು.

ಬೈಗುಳವನ್ನು ತಾಳಿಕೊಳ್ಳುವ ಅಭ್ಯಾಸ ಈ ಬಗೆಯವರಿಗಿದೆ. ಬೇಡದ ಕಡೆ ಬಿದ್ದ ಹೊಗಳಿಕೆಯನ್ನು ತಾಳಿಕೊಳ್ಳುವ ಅಭ್ಯಾಸವಿಲ್ಲ. ಅಳಿಯ ಮೊದಲು ಊಟ ಬಿಟ್ಟ. ಆಮೇಲೆ ಬೋರ್ಡ್ ಸುಪ್ತಮನಸ್ಸಿನ ಕೆಲಸವೆಂದ. ಪ್ರದರ್ಶನದ ಹೇಳಿಕೆಯಲ್ಲಿ ಅದು ಉದ್ದೇಶಪೂರ್ವಕವೆಂದು ಬರೆದ. ಕ್ಯಾಲೆಂಡರಿನ ಸಲಹೆಗೆ ಆ ಹೇಳಿಕೆಯಲ್ಲಿ ಕೃತಜ್ಞತೆಯಿಲ್ಲ.

ಅಷ್ಟಾದ ಮೇಲೆ, ಯಾರೂ ಹೇಳದೆಯೇ, ನೆಂಟರ ಮನೆಗಳ ಸ್ವಿಚ್‌ಬೋರ್ಡುಗಳ ಫೋಟೊ ತೆಗೆಯಲು ಹೊರಟ. ತಿಪಟೂರಿನ ಅಜ್ಜಿಯ ಮನೆಯಲ್ಲಿ ಮರದ ಹಲಗೆಯ ಮೇಲೆ ಕಪ್ಪು ಸ್ವಿಚ್ಚುಗಳಿದ್ದವು, ಆಯುಧಪೂಜೆಯ ವಿಭೂತಿ ಕುಂಕುಮ ವರ್ಷದ ಮೇಲೆ ವರ್ಷ ಪದರ ಕಟ್ಟಿತ್ತು. ಕುಳ್ಳಗಿದ್ದ ಅಜ್ಜಿಗೆ ಎಟುಕಲೆಂದು ತಾತ ಮೇಲಿನ ಸ್ವಿಚ್ಚಿಗೊಂದು ದಾರ ಕಟ್ಟಿದ್ದರು. ಎಳೆದರೆ ದೀಪ ಹತ್ತುತ್ತದೆ, ಆರಿಸಲು ಕೋಲು ಬೇಕು. ಮಾವನ ಹಾಲ್‌ನ ಬೋರ್ಡೂ ಸರಣಿಯಲ್ಲಿತ್ತು. ಫ್ಯಾನಿನ ಸ್ವಿಚ್ಚಿನ ಸುತ್ತ ಗೋಡೆ ಬೆರಳಿನ ಜಿಡ್ಡಿಗೆ ಮಾಸಿತ್ತು, ಅದು ಯಾರ ಬೆರಳೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಸರಣಿಯಲ್ಲಿ ಒಂದು ಮುಖವೂ ಇರಲಿಲ್ಲ. ಆದರೂ ತಾಯಿ ಈ ಸಲ ‘ಚೆನ್ನಾಗಿದೆ’ ಎನ್ನಲಿಲ್ಲ. ‘ಅಪ್ಪ ಕಟ್ಟಿದ ದಾರ ಅಲ್ವೇನೋ ಇದು?’ ಎಂದು ಕೇಳಿ ಸುಮ್ಮನಾದರು. ಅಳಿಯನೂ ಏನೂ ವಿವರಿಸಲಿಲ್ಲ. ಈ ಬಗೆಯಲ್ಲಿ ಇದು ತೀರಾ ಅಪರೂಪದ ವರ್ತನೆ.

ಟೀಕೆಯಿಂದ ಕಲಾವಿದ ತಿದ್ದಿಕೊಳ್ಳುತ್ತಾನೆ ಎಂಬ ಮಾತನ್ನು ಈ ಪ್ರಕರಣ ಪೂರ್ತಿ ಸಮರ್ಥಿಸುವುದಿಲ್ಲ. ಪರೀಕ್ಷಕರು ಹೇಳಿದ್ದು ಒಂದು, ಇವನು ಕೇಳಿಸಿಕೊಂಡದ್ದು ಇನ್ನೊಂದು, ಮಾಡಿದ್ದು ಮೂರನೆಯದು. ಸ್ಟೀಗ್ಲಿಟ್ಸ್‌ನ ವಿಮರ್ಶಕರೇನೂ ಮೋಡದ ಫೋಟೊ ತೆಗೆಯಿರೆಂದು ಸೂಚಿಸಿರಲಿಲ್ಲ.

ಇಂಥವನು ಮನೆಯಲ್ಲಿದ್ದರೆ ಆರೈಕೆ ಕಷ್ಟವಲ್ಲ. ಫೋನು ಮೂಗಿನ ಹತ್ತಿರ ಬಂದಾಗ ಒಲೆ ಸಣ್ಣ ಮಾಡಿ ಫೋಟೊವನ್ನು ನಿಜವಾಗಿ ನೋಡಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ತೀರ್ಪಿಗಿಂತ ಅದರಲ್ಲಿ ಕಂಡ ಒಂದು ವಸ್ತುವನ್ನು ಹೆಸರು ಹಿಡಿದು ಹೇಳುವುದು ಲೇಸು: ದಾರ, ಕೋಲು, ಪರದೆಯ ಹರಕು, ಏನಾದರೂ ಸರಿ. ಅವನು ಕೇಳುವುದು ಅಂಕವನ್ನಲ್ಲ, ತಾನು ಕಂಡದ್ದು ಇನ್ನೊಬ್ಬರಿಗೂ ಕಂಡಿತೇ ಎಂಬುದನ್ನು. ಆ ಆಸೆ ಬೆಡ್‌ಶೀಟ್ ಸುತ್ತಿಕೊಳ್ಳದವರಿಗೂ ಇದ್ದದ್ದೇ. ಫ್ಯಾನಿನ ವಿಷಯದಲ್ಲಿ ಮಾತ್ರ ಮೊದಲೇ ಖಡಾಖಂಡಿತ ಮಾತಾಡಿಕೊಂಡಿರುವುದು ಒಳ್ಳೆಯದು.