ಸತ್ಯದ ದರಪಟ್ಟಿ

ತತ್ತ್ವಶಾಸ್ತ್ರದ ಪ್ರಾಧ್ಯಾಪಕರು ಸತ್ಯವನ್ನು ಹುಡುಕುತ್ತಾರೆಂದು ನಿಮಗೆ ಯಾರು ಹೇಳಿದರು? ಅವರು ಹುಡುಕುವುದು ಬಡ್ತಿಯ ಅಂಕ.

ದರಪಟ್ಟಿಯನ್ನು ವಿಶ್ವವಿದ್ಯಾನಿಲಯ ಅನುದಾನ ಆಯೋಗವೇ (ಯುಜಿಸಿ) 2018ರ ನಿಯಮಾವಳಿಯಲ್ಲಿ ಕೊಟ್ಟಿದೆ. ವಿದೇಶಕ್ಕೆ ಹೋಗಿ ಪ್ರಬಂಧ ಓದಿದರೆ 7. ದೇಶದೊಳಗಿನ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಾದರೆ 5. ರಾಷ್ಟ್ರೀಯಕ್ಕೆ 3. ರಾಜ್ಯಮಟ್ಟಕ್ಕೆ 2. ಅದೇ ಶಂಕರ, ಅದೇ ಮಾಯೆ, ಅದೇ ಹನ್ನೆರಡು ಪುಟ. ಬ್ಯಾಂಕಾಕಿನಲ್ಲಿ ಓದಿದರೆ ಏಳು, ಬಳ್ಳಾರಿಯಲ್ಲಿ ಓದಿದರೆ ಎರಡು. ಜಗತ್ತು ಮಿಥ್ಯೆ. ಬೋರ್ಡಿಂಗ್ ಪಾಸ್ ಮಾತ್ರ ಸತ್ಯ.

ವಿಮಾನಯೋಗ ಇಲ್ಲದವರು ಏನು ಮಾಡಬೇಕು? ಕಾಲೇಜನ್ನೇ ಅಂತಾರಾಷ್ಟ್ರೀಯ ಮಾಡಬೇಕು.

ಫ್ಲೆಕ್ಸ್ ಮೇಲೊಂದು ಭೂಗೋಳ. ವೇದಿಕೆ ತುಂಬ ಕುರ್ಚಿ. ಹತ್ತಕ್ಕೆ ಶುರುವಾಗಬೇಕಾದದ್ದು ಹನ್ನೊಂದೂವರೆಯಾದರೂ ಇಲ್ಲ, ಏಕೆಂದರೆ ಶಾಸಕರು ಬಂದಿಲ್ಲ. ಶಾಸಕರಿಗೂ ಅದ್ವೈತಕ್ಕೂ ಏನು ನಂಟು ಎಂದು ಕೇಳಬೇಡಿ, ದೀಪ ಹಚ್ಚಲು ಯಾರಾದರೂ ಬೇಕಲ್ಲ. ವಿದೇಶಿ ವಿದ್ವಾಂಸರು ಪರದೆಯ ಮೇಲಿದ್ದಾರೆ. ತುಟಿ ಅಲ್ಲಾಡುತ್ತಿದೆ, ದನಿ ಇಲ್ಲ. ‘ಸರ್, ಯೂ ಆರ್ ಆನ್ ಮ್ಯೂಟ್.’ ಫ್ಲೆಕ್ಸಿನಲ್ಲಿ ‘ಪೂರ್ವ-ಪಶ್ಚಿಮ ಸಂವಾದ’ ಎಂದಿತ್ತು. ನಡೆದ ಸಂವಾದ ಅಷ್ಟೇ.

ಮಧ್ಯಾಹ್ನ ಪ್ರಬಂಧ ಮಂಡನೆ, ತಲೆಗೆ ಐದೈದು ನಿಮಿಷ. ಕೇಳುವವರು ಯಾರು? ಹಾಜರಿ ಕೊಡುತ್ತೇವೆಂದು ಹಿಡಿದು ಕೂರಿಸಿದ ಬಿಕಾಂ ಹುಡುಗರು. ಅವರಲ್ಲೊಬ್ಬ ಎದ್ದು ಪ್ರಶ್ನೆ ಕೇಳಿಬಿಟ್ಟ. ‘ಟೀ ಟೈಮಲ್ಲಿ ಚರ್ಚಿಸೋಣಪ್ಪಾ.’ ಟೀ ಟೈಮಿನಲ್ಲಿ ವಿದ್ವಾಂಸರೆಲ್ಲ ಸರ್ಟಿಫಿಕೇಟ್ ಮೇಜಿನ ಮುಂದೆ ಕ್ಯೂ ನಿಂತಿದ್ದರು.

ವಿದೇಶಿ ವಿಶ್ವವಿದ್ಯಾನಿಲಯಗಳ ಜೊತೆಗಿನ ಒಡಂಬಡಿಕೆಗಳದ್ದು ಇನ್ನೊಂದು ಕತೆ. ಇಬ್ಬರು ಕುಲಪತಿಗಳು, ಎರಡು ಫೈಲು, ಒಂದು ಫೋಟೊ. ಅಲ್ಲಿಂದ ಯಾರೂ ಬರಲಿಲ್ಲ, ಇಲ್ಲಿಂದ ಯಾರೂ ಹೋಗಲಿಲ್ಲ. ಫೋಟೊ ಮಾತ್ರ ಮೌಲ್ಯಮಾಪನಕ್ಕೆ ಬಂದ ನ್ಯಾಕ್ ತಂಡದ ಮುಂದೆ ಹೋಯಿತು.

ಪಾಠ? ಅದಕ್ಕೂ ಅದೇ ನಿಯಮಾವಳಿಯಲ್ಲಿ ಅಳತೆಯಿದೆ. ವಹಿಸಿದ ತರಗತಿಗಳಲ್ಲಿ ಶೇ. 80 ತೆಗೆದುಕೊಂಡರೆ ‘ಉತ್ತಮ’. ಒಳಗೆ ಹೋಗಿ ಏನು ಹೇಳಿದಿರಿ ಎಂಬುದಕ್ಕೆ ಕಾಲಂ ಇಲ್ಲ. ಪ್ರಾಧ್ಯಾಪಕರು ಸಮ್ಮೇಳನದಲ್ಲಿರುವಾಗ ತರಗತಿ ನಡೆಸುವವರು ಅತಿಥಿ ಉಪನ್ಯಾಸಕರು. ಪರದೆಯ ಅತಿಥಿಯ ಹೆಸರಿನಲ್ಲಿ ಶಾಲು, ಪೇಟ ಸಿದ್ಧವಿರುತ್ತದೆ. ತರಗತಿಯ ಈ ಅತಿಥಿಗಳಿಗೆ ತಿಂಗಳುಗಟ್ಟಲೆ ಬಾಕಿಯಾದ ಸಂಬಳ.

ಇದೇ ನಾಡಿನಲ್ಲಿ ಎಂ. ಹಿರಿಯಣ್ಣ ಇದ್ದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ವರ್ಷಗಟ್ಟಲೆ ಮಾಡಿದ ಪಾಠಗಳನ್ನೇ ಆಧರಿಸಿ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ ಬರೆದರು. 1932ರಲ್ಲಿ ಲಂಡನ್ನಿನ ಜಾರ್ಜ್ ಅಲೆನ್ ಅಂಡ್ ಅನ್ವಿನ್ ಅದನ್ನು ಪ್ರಕಟಿಸಿತು. ಇವತ್ತಿಗೂ ಜನ ಓದುತ್ತಾರೆ. ಬೋಧನೆ, ಸಂಶೋಧನೆ, ಅಂತಾರಾಷ್ಟ್ರೀಯ ವಿನಿಮಯ ಮೂರೂ ಕರಿಹಲಗೆಯ ಮುಂದೆಯೇ ಹುಟ್ಟಿದ್ದವು. ಈಗಿನ ಆಯ್ಕೆ ಸಮಿತಿ ಅವರನ್ನು ಕೇಳುತ್ತಿದ್ದುದು ಒಂದೇ: ‘ಸೆಮಿನಾರ್ ಸರ್ಟಿಫಿಕೇಟ್ ಎಷ್ಟಿವೆ?’

ಕಾಂಟ್ ಪಾಡು ಇನ್ನೂ ಕಷ್ಟ. 1770ರ ನಂತರ ಹನ್ನೊಂದು ವರ್ಷ ಹೇಳಿಕೊಳ್ಳುವಂಥದ್ದೇನೂ ಪ್ರಕಟಿಸದೆ ಯೋಚಿಸುತ್ತ ಕೂತಿದ್ದ ಮನುಷ್ಯ. 1781ರಲ್ಲಿ ‘ಕ್ರಿಟಿಕ್ ಆಫ್ ಪ್ಯೂರ್ ರೀಸನ್’ ಹೊರಬಂದಾಗ ತತ್ತ್ವಶಾಸ್ತ್ರದ ದಾರಿಯೇ ಬದಲಾಯಿತು. ನಮ್ಮಲ್ಲಾಗಿದ್ದರೆ ಅಷ್ಟರಲ್ಲಿ ಬಡ್ತಿ ತಡೆದು, ಕಾರಣ ಕೇಳಿ ನೋಟಿಸ್ ಕೊಟ್ಟಾಗಿರುತ್ತಿತ್ತು.

ನಾಳೆ ಪತ್ರಿಕೆಯಲ್ಲಿ ಇನ್ನೊಂದು ಅಂತಾರಾಷ್ಟ್ರೀಯ ಸಮ್ಮೇಳನದ ಫೋಟೊ ಕಂಡರೆ ಆ ವಿಭಾಗಕ್ಕೆ ಒಂದು ಫೋನ್ ಮಾಡಿ. ಫೋಟೊ ತೆಗೆಸಿಕೊಂಡ ದಿನ ಎಂಎ ತರಗತಿಯ ಎರಡನೇ ಪೀರಿಯಡ್ ಯಾರು ತೆಗೆದುಕೊಂಡರು ಎಂದಷ್ಟೇ ಕೇಳಿ.